ಜಾರುಬಂಡೆಯ ಕ್ಯಾಸೆಟ್ಟು

ಬೆಳಿಗ್ಗೆ ಚಟ್ನಿಗೆ ಕಾಯಿ ತುರಿಯುತ್ತಿದ್ದೆ. ಒಂದು ಹೋಳು ಮುಗಿಯುವಷ್ಟರಲ್ಲಿ ಮಗಳು ಮೋನಿಷಾ ಬಂದು ಸೆರಗು ಹಿಡಿದಳು. "ಬಾ ಅಮ್ಮ, ಚಿಕ್ಕಪ್ಪ ಕ್ಯಾಸೆಟ್ ಹಾಕ್ತಿದಾರೆ. ಕೊನೇಲಿ ಸ್ವಲ್ಪ ಉಳಿದಿರಬಹುದಂತೆ."

ದಸರಾ ರಜೆ ಅಂತ ನನ್ನ ಮೈದುನ ಅಮರ್ ಹಿಂದಿನ ದಿನ ಅವಳನ್ನು ಊರಾಚೆಯ ವಾಟರ್ ಪಾರ್ಕಿಗೆ ಕರೆದುಕೊಂಡು ಹೋಗಿದ್ದ. ಅತ್ತೆ ಸಿದ್ದಮ್ಮನ ಕಾಲು ಉಳುಕಿದ್ದರಿಂದ ನಾನು ಶಂಕರಪುರಂ ಬಿಟ್ಟು ಕದಲಲಿಲ್ಲ. ಎಂಟು ವರ್ಷದ ಮೋನಿಷಾ ನಮ್ಮ ಮನೆಯ ಮೆಟ್ಟಿಲು ಇಳಿಯಬೇಕಾದರೂ ನನ್ನ ಕೈ ಹಿಡಿಯುತ್ತಾಳೆ. ಅಲ್ಲಿಯ ದೊಡ್ಡ ಜಾರುಬಂಡೆಯನ್ನು ಒಬ್ಬಳೇ ಇಳಿಯುತ್ತೇನೆ ಎಂದು ಹೇಳಿ ಹೊರಟಾಗ ಅತ್ತೆ ನಕ್ಕಿದ್ದರು. ನಾನೂ ನಕ್ಕಿದ್ದೆ.

ಅಮರ್ ಚಾಮರಾಜಪೇಟೆಯಲ್ಲಿ ಮದುವೆಗಳ ವಿಡಿಯೊ ತೆಗೆಯುತ್ತಾನೆ. ಹೆಂಗಸರು ಮಕ್ಕಳು ನೀರಾಡುವ ಜಾಗ, ಒಳಗೆ ಶೂಟಿಂಗ್ ಇಲ್ಲ ಎಂದು ಗೇಟಿನಲ್ಲೇ ಬರೆದಿತ್ತು. ಆದರೂ ಅವಳು ಇಳಿಯುವುದನ್ನು ತೆಗೆಯಲೆಂದು ಕ್ಯಾಮೆರಾವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದ. ಸೆಕ್ಯೂರಿಟಿಯ ಮರಿಯಣ್ಣ ಎದುರಿಗೆ ಬಂದಾಗ ಅಡಗಿಸಿಡುವುದು ಬಿಟ್ಟು, ಅಭ್ಯಾಸಬಲದಿಂದ, "ಸಾರ್, ಸ್ವಲ್ಪ ಮೆಲ್ಲಗೆ ಬನ್ನಿ. ಇಲ್ಲಿ ನೋಡಿ. ನಗಿ" ಎಂದನಂತೆ. ಮರಿಯಣ್ಣ ಮೆಲ್ಲಗೆ ಬಂದರಂತೆ, ನೋಡಿದರಂತೆ, ನಕ್ಕರಂತೆ. ಆಮೇಲೆ ಇಬ್ಬರನ್ನೂ ಆಫೀಸಿಗೆ ಕರೆದುಕೊಂಡು ಹೋದರಂತೆ.

ಕ್ಯಾಸೆಟ್ ಕಿತ್ತುಕೊಳ್ಳಲು ರೂಲ್ಸ್ ಇಲ್ಲ, ಅಳಿಸಬೇಕು. ಅಳಿಸಬೇಕೆಂದರೆ ಅದರ ಮೇಲೆ ಬೇರೇನಾದರೂ ತುಂಬಬೇಕು. ಲೆನ್ಸಿಗೆ ಮುಚ್ಚಳ ಹಾಕಿ ಮೊದಲಿಂದ ರೆಕಾರ್ಡ್ ಮಾಡುತ್ತಾ ಮೂವರೂ ನಲವತ್ತು ನಿಮಿಷ ಕೂತರು.

ಅದನ್ನೇ ಈಗ ನೋಡುತ್ತಿದ್ದೆವು. ಟಿವಿ ಪೂರ್ತಿ ಕಪ್ಪು.

"ಕರೆಂಟ್ ಹೋಯ್ತೇನೋ?" ಅತ್ತೆ ಕೇಳಿದರು.

"ಇಲ್ಲಮ್ಮ, ಇರೋದೇ ಹಿಂಗೆ," ಎಂದ ಅಮರ್.

ಕಪ್ಪಿನೊಳಗಿಂದ ಮರಿಯಣ್ಣನ ದನಿ ಬಂತು. "ಬಿಸ್ಕೆಟ್ ತಗೊ ಮಗೂ. ಎಷ್ಟನೇ ಕ್ಲಾಸು?"

"ಮೂರು. ಅಂಕಲ್, ನಾನಿರೋದು ಮಾತ್ರ ಬಿಡಕ್ಕಾಗಲ್ವಾ?"

"ನಿನ್ ಹಿಂದೆ ಬೇರೆಯವರೂ ಇದಾರಲ್ಲಮ್ಮ."

ಆಮೇಲೆ ಫ್ಯಾನಿನ ಸದ್ದು. ಕೊನೆಯವರೆಗೂ ಏನೂ ಉಳಿದಿರಲಿಲ್ಲ. ಮರಿಯಣ್ಣ ಕೆಲಸ ಸರಿಯಾಗಿ ಮಾಡಿದ್ದರು.

"ಹಂಗಾದ್ರೆ ಇವಳು ಇಳಿದಿದ್ದೆಲ್ಲಿ?" ಅತ್ತೆ ಕೇಳಿದರು.

"ಇಳಿದಳು ಅತ್ತಿಗೆ, ನಿಜವಾಗ್ಲೂ," ಎಂದು ಅಮರ್ ನನ್ನ ಕಡೆ ತಿರುಗಿದ. ಅವನು ಪ್ರತಿ ಮದುಮಗಳ ತಾಯಿಗೂ ನಿಮ್ಮ ಮಗಳಷ್ಟು ಚೆಂದ ಯಾರೂ ಬಂದಿಲ್ಲ ಎನ್ನುವವನು.

"ಸರಿ ಸರಿ," ಎಂದರು ಅತ್ತೆ. ನೀರು ಬೆರೆಸಿಲ್ಲ ಎಂದು ಹಾಲಿನವನು ಹೇಳಿದಾಗಲೂ ಹೀಗೇ ಅನ್ನುತ್ತಾರೆ.

ಮೋನಿಷಾ ಟಿವಿ ನೋಡುತ್ತಿರಲಿಲ್ಲ. ನಿನ್ನೆ ಸಂಜೆ ಬಂದಾಗಿನಿಂದ ನನ್ನ ಹಿಂದೆ ಮುಂದೆ ಸುತ್ತುತ್ತಿದ್ದಳು. ಈಗ ಎದ್ದು ಹೋಗಿ ಟಿವಿ ಆರಿಸಿ, ನನ್ನ ಎದುರಿಗೆ ಬಂದು ನಿಂತಳು.

"ಅಮ್ಮ, ನಾನು ಇಳಿದೆ ಅಂತ ನೀನು ನಂಬ್ತೀಯಾ?"