ಒಣಹಾಕಿದ ಹಸಿರು ಮಣ್ಣು

ಬಾವಿ ಹದಿನಾಲ್ಕು ಅಡಿ ಮುಟ್ಟಿದ ಹೊತ್ತಿಗೆ ಒಳಗೆ ತೋಡುತ್ತಿದ್ದ ಕಿಟ್ಟನ ಕೂಗು ಬಂತು.

"ಹ್ವಾಯ್ ರತ್ನಕ್ಕಾ! ಈ ಬುಟ್ಟಿ ಒಂಚೂರ್ ಕಾಣಿ. ಇದೆಂತ ಮಣ್ಣಾ, ಬಣ್ಣವಾ?"

ಹಗ್ಗ ಎಳೆಯುವ ಇಬ್ಬರು ಬುಟ್ಟಿಯನ್ನು ದಂಡೆಗೆ ಇಳಿಸಿದರು. ಅಲ್ಲಿಯವರೆಗೆ ಬಂದದ್ದೆಲ್ಲ ಬೂದು ಬಣ್ಣದ ಜೇಡಿ. ಇದು ಹಾಗಲ್ಲ. ಎಲೆಯ ಹಸಿರೂ ಅಲ್ಲ, ಆಕಾಶದ ನೀಲಿಯೂ ಅಲ್ಲ, ಎರಡರ ನಡುವೆ ಎಲ್ಲೋ ನಿಂತುಬಿಟ್ಟ ಬಣ್ಣ. ರತ್ನ ಬಗ್ಗಿ ಒಂದು ಹೆಂಟೆ ಎತ್ತಿಕೊಂಡಳು. ಇದನ್ನು ಎಲ್ಲೋ ನೋಡಿದ್ದೇನಲ್ಲ ಎಂದುಕೊಂಡಳು. ಎಲ್ಲಿ ಎಂದು ಹೊಳೆಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕತ್ತೆತ್ತಿದರೆ ಎದುರೇ ಇತ್ತು: ಮೇಲಿನ ಮನೆಯ ಚಂದಯ್ಯನ ಅಂಗಳದಲ್ಲಿ ಮಗುಚಿ ಹಾಕಿದ ಡ್ರಮ್ಮು, ಅದರ ಮೈಮೇಲೆ ಇಳಿದು ಒಣಗಿದ ಮೈಲುತುತ್ತದ ಗೆರೆಗಳು.

ಚಂದಯ್ಯ ಮಳೆಗಾಲ ಬಂತೆಂದರೆ ಅಮಾಸೆಬೈಲು ಕಡೆಯ ತೋಟಗಳಿಗೆ ಮದ್ದು ಬಿಡಲು ಹೋಗುವವ. ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುವ ಕೆಲಸ. ಮೂವತ್ತು ವರ್ಷದಿಂದ ಅದೇ. ಅವನ ಅಂಗಿಯೂ ಆ ಬಣ್ಣ, ಉಗುರಿನ ಸಂದೂ ಆ ಬಣ್ಣ.

ರತ್ನ ಒಣಮೀನಿನ ವ್ಯಾಪಾರದವಳು. ಕಡಲ ಬದಿಯ ಮನೆಯ ಬಾವಿಗೆ ಉಪ್ಪುನೀರು ನುಗ್ಗಿದ ಮೇಲೆ, ಯಡ್ತರೆಯ ಗದ್ದೆಯಂಚಿನ ಈ ಎಂಟು ಸೆಂಟ್ಸ್ ಜಾಗಕ್ಕೆ ಬಂದು ಮನೆ ಕಟ್ಟಿಕೊಂಡಳು. ಹನ್ನೊಂದು ವರ್ಷವಾಯಿತು. ಅಷ್ಟೂ ವರ್ಷ ಕುಡಿಯುವ ನೀರು ಚಂದಯ್ಯನ ಬಾವಿಯದ್ದೇ. ಬೆಳಗ್ಗೆ ಎರಡು ಕೊಡಪಾನ, ಸಂಜೆ ಎರಡು. ಚಂದಯ್ಯನ ಹೆಂಡತಿ ಬಾಗಿ ಎಂಬವಳು ಒಂದು ದಿನವೂ ಮುಖ ಸಿಂಡರಿಸಿದವಳಲ್ಲ. ಆದರೂ ಬೇಸಿಗೆಯಲ್ಲಿ ಅವರ ಬಾವಿಯ ತಳ ಕಾಣುವಾಗ ಕೊಡಪಾನ ಇಳಿಸಲು ರತ್ನನಿಗೇ ಸಂಕೋಚ. ಅದಕ್ಕೇ ಈ ಬಾವಿ.

"ಚಂದಯ್ಯಣ್ಣಾ, ಇಲ್ಲಿ ಬನ್ನಿ ಒಂದ್ಸಲ," ಎಂದು ರತ್ನ ಕೂಗಿದ ದನಿಗೆ, ಟೆಂಪೊದಿಂದ ಸಿಮೆಂಟಿನ ರಿಂಗ್ ಇಳಿಸುತ್ತಿದ್ದ ಅನೂಪ್ ಕೂಡ ಕೆಲಸ ನಿಲ್ಲಿಸಿ ನೋಡಿದ.

ಚಂದಯ್ಯ ಬಂದು ಮಣ್ಣನ್ನು ಮೂಸಿದ, ಬೆರಳಿನಲ್ಲಿ ತಿಕ್ಕಿದ. "ಇದ್ ನನ್ ಮದ್ದಲ್ಲ ರತ್ನ. ನಾ ಡ್ರಮ್ಮು ತೊಳೂದ್ ಅಲ್ಲೇ, ತೋಟದಲ್ಲೇ."

"ಮತ್ತೆ ಇದೆಂತ, ಭೂಮಿಯೊಳ್ಗೆ ಯಾರಾರೂ ಅಂಗಡಿ ಇಟ್ಟಿದ್ರಾ? ನಿಮ್ಮ ಅಂಗ್ಳ ಮೇಲೆ, ನನ್ನ ಬಾವಿ ಕೆಳ್ಗೆ. ಹನ್ನೊಂದ್ ಮಳ್ಗಾಲದ ನೀರ್ ಎಲ್ಲಿಗ್ ಇಳೂದ್?"

"ಒಂದ್ ಕೆಲ್ಸ ಮಾಡು. ಮಣ್ಣ್ ನೀರಲ್ಲಿ ಕಲ್ಸಿ, ಹೊಳಪಿನ ಕತ್ತಿ ಅದ್ದಿ ಕಾಂಬ. ತುತ್ತ ಇದ್ರೆ ಕತ್ತಿಗೆ ಕೆಂಪ್ ಹಿಡಿತ್ತ್. ಮದ್ದ್ ಕಲ್ಸುವವ್ರ್ ಹಾಂಗೇ ಪರೀಕ್ಷೆ ಮಾಡೂದ್."

"ಕತ್ತಿಯೂ ನಿಮ್ದೇ, ಪರೀಕ್ಷೆಯೂ ನಿಮ್ದೇ! ಲಾಯ್ಕಿತ್ತ್!"

ಕಿಟ್ಟ ಅಷ್ಟರಲ್ಲಿ ಏಣಿ ಹತ್ತಿ ಮೇಲೆ ಬಂದಿದ್ದ. ವಿಷವೋ ಏನೋ, ಗೊತ್ತಾಗುವವರೆಗೆ ಇಳಿಯುವುದಿಲ್ಲ ಎಂದು ಕೈ ತೊಳೆದುಕೊಂಡ. ಕೈ ತೊಳೆಯುವ ಮೊದಲು ಮಣ್ಣಿನ ಒಂದು ಫೋಟೊ ತೆಗೆದುಕೊಂಡ, ಅದು ಬೇರೆ.

ಮಾತು ಏರುತ್ತ ಹೋಗಿ, ಕೊನೆಗೆ ಆಡಬಾರದ ಮಾತನ್ನು ರತ್ನ ಆಡಿದಳು. "ಶುಕ್ರವಾರ ಬೊಬ್ಬರ್ಯ ದೈವದ ಕಲ್ಲಿನೆದ್ರ್ ಆಣೆ ಹಾಕ್ತೆ. ಅಲ್ಲಿ ಬಂದ್ ಹೇಳಿ, ನಿಮ್ದಲ್ಲ ಅಂದೇಳಿ."

ನಮ್ಮ ಕಡೆ ಎರಡು ಮನೆಗಳ ನಡುವೆ ಆಣೆ ಬಿತ್ತೆಂದರೆ ಅದು ಕೋರ್ಟಿನ ಹಾಗಲ್ಲ. ಗೆದ್ದವರು, ಸೋತವರು ಎಂದಿಲ್ಲ. ಆ ಕ್ಷಣದಿಂದ ಈ ಮನೆಯವರು ಆ ಮನೆಯ ನೀರು ಮುಟ್ಟುವ ಹಾಗಿಲ್ಲ, ಮದುವೆಗೆ ಕರೆಯುವ ಹಾಗಿಲ್ಲ, ಸತ್ತರೆ ಹೊಸ್ತಿಲು ದಾಟುವ ಹಾಗಿಲ್ಲ. ಅಜ್ಜನ ಕಾಲದಲ್ಲಿ ಹಾಕಿದ ಆಣೆಯನ್ನು ಮೊಮ್ಮಕ್ಕಳು ಇನ್ನೂ ಹೊತ್ತುಕೊಂಡಿರುವ ಮನೆಗಳಿವೆ. ಯಾವ ಮಾತಿಗೆ ಹಾಕಿದ್ದೆಂದು ಕೇಳಿದರೆ ಇಬ್ಬರಿಗೂ ಗೊತ್ತಿಲ್ಲ.

ಚಂದಯ್ಯ ಬೆರಳಿನ ಮಣ್ಣು ಒರೆಸಿಕೊಂಡು ಮನೆ ಕಡೆ ಹೋದ.

ಸಾಕ್ಷಿ ಬೇಕಲ್ಲ, ಜೋಪಾನ ಮಾಡಬೇಕು. ರತ್ನನ ಕೈಗೆ ಗೊತ್ತಿದ್ದ ಜೋಪಾನ ಒಂದೇ. ಬಂಗುಡೆಯಾಗಲಿ, ಸಿಗಡಿಯಾಗಲಿ, ಇಟ್ಟುಕೊಳ್ಳಬೇಕಾದದ್ದನ್ನು ಒಣಗಿಸಬೇಕು. ಹಸಿ ಬಿಟ್ಟರೆ ಕೆಡುತ್ತದೆ. ಬುಟ್ಟಿಯ ಅಷ್ಟೂ ಮಣ್ಣನ್ನು ತೆಳ್ಳಗೆ ಮುರಿದು, ಮೀನು ಒಣಗಿಸುವ ಹಳೆ ಬಲೆಯ ಮೇಲೆ ಹರಡಿದಳು. ಅನೂಪ್ ಟೆಂಪೊ ಹತ್ತುತ್ತ, "ರತ್ನಕ್ಕ, ಮಣ್ಣಿಗೆ ಉಪ್ಪ್ ಹಾಕೂದ್ ಮರ್ತ್ ಹೋಯ್ತಾ?" ಎಂದ. ರತ್ನ ನಗಲಿಲ್ಲ. ಬೈಂದೂರಿಗೆ ಮುಟ್ಟಿಸಬೇಕಾಗಿದ್ದ ಮೀನಿನ ಕಟ್ಟು ಹೊತ್ತು ಬಸ್ಸಿಗೆ ನಡೆದಳು.

ಮಧ್ಯಾಹ್ನ ಮೂರಕ್ಕೆ ಬಂದು ನೋಡಿದರೆ ಬಲೆಯ ಮೇಲೆ ಇದ್ದದ್ದು ಕಂದು ಮಣ್ಣು. ಬಾಗಿಲ ಹಳೆ ಚಿಲಕದ ತುಕ್ಕಿನ ಬಣ್ಣ. ಒಂದು ಹೆಂಟೆ ಮುರಿದಳು, ಇನ್ನೊಂದು ಮುರಿದಳು. ಹಸಿರು ಎಂಬುದು ಹೆಸರಿಗೂ ಇಲ್ಲ.

ರಿಂಗಿನ ಎರಡನೇ ಲೋಡು ತಂದಿದ್ದ ಅನೂಪನನ್ನು ಕೇಳಿದಳು. ಅವನು ತಲೆ ಕೆರೆದುಕೊಂಡ. "ನಾ ಬಪ್ಪತಿಗೆ ಬಾಗಕ್ಕ ಬಲೆ ಹತ್ರ ಬಗ್ಗ್‌ಕೊಂಡಿದ್ದಿದ್ರ್. ಎಂತ ಮಾಡ್ತಿದ್ರೋ ನಂಗೊತ್ತಿಲ್ಲೆ ಮಾರಾಯ್ತಿ. ನನ್ನ ಹೆಸ್ರ್ ತರ್ಬೇಡ."

ರತ್ನ ಸೀದಾ ಮೇಲಿನ ಮನೆಯ ಅಂಗಳಕ್ಕೆ ಹೋದಳು. ಗಂಡನ ಮೇಲೆ ಹೇಳಿದ್ದು ಸಾಲದೆಂದು ಹೆಂಡತಿಯ ಮೇಲೆ ಹೇಳಿದಳು. ಮಣ್ಣು ಬದಲಾಯಿಸಿದ್ದೀಯ ಎಂದಳು, ಕಳ್ಳಿ ಎಂದಳು. ಬಾಗಿ ಬಾವಿಕಟ್ಟೆಯಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಏನೋ ಹೇಳಲು ಬಾಯಿ ತೆರೆದಳು. "ಕಳ್ಳಿ" ಎಂಬುದು ಕಿವಿಗೆ ಬಿದ್ದ ಮೇಲೆ ಬಾಯಿ ಮುಚ್ಚಿದಳು. ಪಾತ್ರೆಯ ನೀರು ಬಸಿದು, ಎದ್ದು ನಿಂತು, ಇಷ್ಟೇ ಹೇಳಿದಳು:

"ಆಣೆ ಶುಕ್ರವಾರ ಅಲ್ದಾ? ಅಲ್ಲೀವರೆಗೆ ನೀರ್ ತಕೊಂಡ್ ಹೋಗು. ಬಾಯಾರಿಕೆಗೆ ಸಿಟ್ಟ್ ಗೊತ್ತಾತ್ತಿಲ್ಲೆ."

ಆ ಸಂಜೆ ಕೊಡಪಾನ ಹಿಡಿದು ಹೋಗಲು ರತ್ನನಿಗೆ ಆಗಲಿಲ್ಲ. ಮರುದಿನ ಹೋಗಲೇಬೇಕಾಯಿತು. ಹಗ್ಗ ಇಳಿಬಿಡುವಾಗ ಬಾಗಿ ಒಳಗಿನಿಂದ ಹೊರಗೆ ಬರಲಿಲ್ಲ. ದಿನಾ ಆ ಕಟ್ಟೆಯಲ್ಲಿ ಕಾಲು ಗಂಟೆ ಮಾತಾಗುತ್ತಿತ್ತು. ನೀರು ಸೇದುವುದು ಎರಡೇ ನಿಮಿಷದ ಕೆಲಸ ಎಂಬುದು ರತ್ನನಿಗೆ ಅವತ್ತು ಗೊತ್ತಾಯಿತು.

ಬುಧವಾರ, ಒಣಗಿದ ಮಣ್ಣನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿಕೊಂಡು, ಕಿಟ್ಟನ ಫೋಟೊವನ್ನು ತನ್ನ ಮೊಬೈಲಿಗೆ ಹಾಕಿಸಿಕೊಂಡು, ಬ್ರಹ್ಮಾವರದ ಬಸ್ಸು ಹತ್ತಿದಳು. ಮಣ್ಣು ಪರೀಕ್ಷೆ ಮಾಡುವಲ್ಲಿ ಸುಪ್ರೀತಾ ಎಂಬ ಹುಡುಗಿ ಇದ್ದಳು. ವಯಸ್ಸು ಮೂವತ್ತು ದಾಟಿರಲಿಕ್ಕಿಲ್ಲ, ಆದರೆ ಮಾತು ಕೇಳುವ ತಾಳ್ಮೆ ಇತ್ತು. ರತ್ನ ಆಣೆಯ ತನಕ ಎಲ್ಲವನ್ನೂ ಹೇಳಿದಳು. ಸುಪ್ರೀತಾ ತೊಟ್ಟೆ ನೋಡಿದಳು, ಫೋಟೊ ನೋಡಿದಳು, ಮತ್ತೆ ತೊಟ್ಟೆ ನೋಡಿದಳು.

"ಇದನ್ನು ಒಣಗಿಸಿದ್ದು ಯಾರು ಅಮ್ಮ?"

"ನಾನೇ. ಕೆಡ್ತ್ ಅಂದೇಳಿ."

ಸುಪ್ರೀತಾ ನಗು ತಡೆದುಕೊಂಡಳು. "ಒಣಗಿಸಿದ್ದರಿಂದಲೇ ಕೆಟ್ಟಿರಬೇಕು. ನಿಮ್ಮ ಜಾಗ ಮೊದಲು ಗದ್ದೆ, ಅಲ್ಲವಾ? ವರ್ಷವಿಡೀ ನೀರು ನಿಂತ ಮಣ್ಣು. ಅದರ ಆಳಕ್ಕೆ ಗಾಳಿ ಹೋಗುವುದಿಲ್ಲ. ಅಂಥ ಕಡೆ ಮಣ್ಣಿನೊಳಗಿನ ಕಬ್ಬಿಣ ಹೀಗೆ ಹಸಿರಾಗಿ ಕೂತಿರುತ್ತದೆ. ಹಸಿರು ತುಕ್ಕು ಅಂತಲೇ ಅದಕ್ಕೆ ಹೆಸರು. ಮೇಲೆ ತಂದು ಗಾಳಿ ತಾಗಿಸಿದರೆ ಉಳಿಯುವುದಿಲ್ಲ, ನಾವೆಲ್ಲ ನೋಡುವ ಕಂದು ತುಕ್ಕಾಗಿಬಿಡುತ್ತದೆ."

"ಹಾಂಗಾರೆ ಯಾರೂ ಬದ್ಲ್ ಮಾಡ್ಲಿಲ್ಯಾ?"

"ನಾನು ಅಲ್ಲಿರಲಿಲ್ಲ, ನಾನು ಹೇಗೆ ಹೇಳಲಿ? ಮೈಲುತುತ್ತದ ತಾಮ್ರ ಇದೆಯೋ ಇಲ್ಲವೋ ಎಂಬ ವರದಿ ಬರಲು ಹತ್ತು ದಿನ ಬೇಕು. ಆದರೆ ಬಣ್ಣದ ವಿಷಯಕ್ಕೆ ನನ್ನ ಮಾತೂ ಬೇಡ, ವರದಿಯೂ ಬೇಡ. ಹಸಿ ಮಣ್ಣು ತೆಗೆಸಿ, ಎದುರಿಗಿಟ್ಟುಕೊಂಡು ಕೂತುಕೊಳ್ಳಿ. ಕಣ್ಣು ತೆಗೆಯಬೇಡಿ. ಮೈಲುತುತ್ತ ಆದರೆ ಗಾಳಿಗೆ ಕಂದಾಗುವುದಿಲ್ಲ."

ಗುರುವಾರ ಬೆಳಗ್ಗೆ ಕಿಟ್ಟನನ್ನು ಇಳಿಸಲು ಅರ್ಧ ಗಂಟೆ ಹಿಡಿಯಿತು. "ನಂಗೆಂತಾರೂ ಆದ್ರೆ ನನ್ನ ಹೆಂಡ್ತಿ ನಿಮ್ಮ ಮನೇಲೇ ಕೂಕಂತ್ಲ್ ಕಾಣಿ," ಎಂದು ಹೇಳಿಯೇ ಇಳಿದ. ಒಂದು ಬುಟ್ಟಿ ಮೇಲೆ ಬಂತು. ಅದೇ ಬಣ್ಣ, ಸ್ವಲ್ಪವೂ ಕಡಿಮೆಯಿಲ್ಲ. ರತ್ನ ತೆಂಗಿನಕಾಯಿ ಗಾತ್ರದ ಒಂದು ಹೆಂಟೆಯನ್ನು ಮಡಿಲಿಗೆ ಹಾಕಿಕೊಂಡು, ಬಾವಿಯ ಬದಿಯ ಕಲ್ಲಿನ ಮೇಲೆ ಕೂತಳು.

ಮೊದಲು ಏನೂ ಆಗಲಿಲ್ಲ. ಹಗ್ಗದವರು ನೋಡಿ ಬೇಸರವಾಗಿ ಬೀಡಿ ಹಚ್ಚಿದರು. ಆಮೇಲೆ ಅಂಚುಗಳಲ್ಲಿ, ಅವಳ ಬೆರಳು ಒತ್ತಿದ ಗುರುತಿನ ಸುತ್ತ, ಬಣ್ಣ ಮಾಸಿತು. ಬಿಸಿಲಿಗೆ ಹಾಗೆ ಕಾಣುವುದೇ ಎಂದು ಸೆರಗು ಅಡ್ಡ ಹಿಡಿದಳು. ನೆರಳಿನಲ್ಲೂ ಮಾಸುತ್ತಲೇ ಹೋಯಿತು. ಹಸಿರು ಬೂದುಬಣ್ಣವಾಗಿ, ಅದಕ್ಕೆ ಹಳದಿ ಹತ್ತಿ, ಹಳದಿ ಕಂದಿಗೆ ತಿರುಗಿತು. ಹೆಂಟೆ ಮುರಿದಳು. ಒಳಗೆ ಹೊಚ್ಚ ಹಸಿರು. ನೋಡುತ್ತ ಕೂತಳು. ಆ ಹೊಸ ಮುಖವೂ ಕಂದಿತು. ಮತ್ತೆ ಮುರಿದಳು. ಮಡಿಲ ತುಂಬ ಚೂರಾಗುವವರೆಗೆ ಮುರಿದಳು. ಅಲ್ಲಿ ಯಾರೂ ಬಂದಿರಲಿಲ್ಲ, ಯಾರೂ ಬಗ್ಗಿರಲಿಲ್ಲ. ಅವಳ ಕೈಯಲ್ಲೇ ಇತ್ತು, ಅವಳ ಕಣ್ಣೆದುರೇ ಆಯಿತು.

ಅವಳಿಗೆ ನಿರಾಳವಾಗಬೇಕಿತ್ತು. ಬಾವಿಯಲ್ಲಿ ವಿಷವಿಲ್ಲ, ನೆರೆಯವ ಮೋಸಗಾರನಲ್ಲ. ಆದರೆ ಮಡಿಲಿನ ಮಣ್ಣು ಕಂದಾದಷ್ಟೂ ಅವಳು ಆಡಿದ ಒಂದೊಂದು ಮಾತೂ ನೆನಪಿಗೆ ಬರುತ್ತ ಹೋಯಿತು. ಚಂದಯ್ಯನಿಗೆ ಅಂದದ್ದಾದರೂ ಹೆದರಿಕೆಯಲ್ಲಿ ಅಂದದ್ದು. ಬಾಗಿಗೆ ಅಂದದ್ದಕ್ಕೆ ಏನು ಹೇಳುವುದು? ಹನ್ನೊಂದು ವರ್ಷ ಕಂಡ ಮುಖಕ್ಕಿಂತ ಒಂದು ಬುಟ್ಟಿ ಮಣ್ಣನ್ನು ಹೆಚ್ಚು ನಂಬಿದ್ದಳು. ಅದೂ ಎಂಥ ಮಣ್ಣು, ಅರ್ಧ ದಿನ ತನ್ನ ಬಣ್ಣದಲ್ಲಿ ತಾನು ನಿಲ್ಲಲಾರದ್ದು.

ಹಾಗೇ ಎದ್ದು ಮೇಲಿನ ಮನೆಗೆ ಹೋದಳು. ಚಂದಯ್ಯ ಜಗುಲಿಯಲ್ಲಿದ್ದ. ಎಲ್ಲವನ್ನೂ ಕೇಳಿಸಿಕೊಂಡ. ಸೀರೆಗೆ ಮೆತ್ತಿದ ಮಣ್ಣನ್ನೂ ನೋಡಿದ.

"ನಂಗ್ ಹೇಳ್ದದ್ದ್ ಬಿಡು. ಮದ್ದಿನವ ಅಂದ್ರೆ ನಾಲ್ಕ್ ಜನ ನಾಲ್ಕ್ ಮಾತ್ ಹೇಳ್ತ್ರ್. ಬಾಗಿಗೆ ಹೇಳ್ದೆ ಅಲ್ದಾ? ಅವ್ಳ್ ಮೂರ್ ದಿನದಿಂದ ಸಮ ಉಣ್ಲಿಲ್ಲೆ."

"ಬಾಗಕ್ಕನ್ನ ಕರೀರಿ ಚಂದಯ್ಯಣ್ಣ. ಕಾಲ್ ಹಿಡೀತೆ."

"ಇಲ್ಲಿ ಗುಟ್ಟಲ್ಲಿ ಹಿಡ್ದ್ರೆ ಎಂತ ಬಂತ್? ಕಳ್ಳಿ ಅಂತ ಹೇಳೂವತಿಗೆ ಊರಿಗೇ ಕೇಂಡಿತ್. ನಾಳೆ ಅವ್ಳ್ ಕಲ್ಲಿನ ಹತ್ರ ಬತ್ಲ್. ಅಲ್ಲೇ ಹೇಳು."

ಒಳಗೆ ಬಾಗಿಯ ಬಳೆಯ ಸದ್ದು ಕೇಳಿತು. ಅವಳು ಹೊರಗೆ ಬರಲಿಲ್ಲ.

ಶುಕ್ರವಾರ ಬೆಳಗ್ಗೆ ಬೊಬ್ಬರ್ಯನ ಕಲ್ಲಿನ ಹತ್ತಿರ ಹತ್ತು ಹನ್ನೆರಡು ಜನ ಸೇರಿದ್ದರು. ಆಣೆ ಬೀಳುತ್ತದೆ ಎಂದರೆ ಜನ ಬರುತ್ತಾರೆ. ಕಿಟ್ಟ ಬಂದಿದ್ದ, ಅನೂಪ್ ಟೆಂಪೊವನ್ನು ರಸ್ತೆಯಲ್ಲೇ ನಿಲ್ಲಿಸಿ ಬಂದಿದ್ದ. ಚಂದಯ್ಯನ ಹಿಂದೆ ಬಾಗಿ ನಿಂತಿದ್ದಳು. ರತ್ನ, ಸುಪ್ರೀತಾ ಹೇಳಿಕೊಟ್ಟ ಹಾಗೆ, ಗಾಳಿ ತಾಗದಂತೆ ಅಗಲ ಬಾಯಿಯ ಬಾಟಲಿಯ ಕಂಠದವರೆಗೆ ಬಾವಿನೀರು ತುಂಬಿ, ಅದರೊಳಗೆ ಮಣ್ಣು ಮುಳುಗಿಸಿ ತಂದಿದ್ದಳು. ಅದನ್ನು ತೆಗೆದು ಎಲ್ಲರೆದುರು ಕಲ್ಲಿನ ಕೆಳಗಿಟ್ಟಳು.

"ಇದ್ ಹಸ್ರ್ ಇತ್ತಲ್ದಾ? ಕಾಣ್ತಾ ಇರಿ," ಎಂದಳು. "ನಾ ಆಣೆ ಹಾಕೂಕೆ ಬಂದದ್ದಲ್ಲ. ಚಂದಯ್ಯಣ್ಣನ ಮೇಲೆ ಹೇಳ್ದದ್ದ್ ಸುಳ್ಳ್. ಬಾಗಕ್ಕನ ಮೇಲೆ ಹೇಳ್ದದ್ದ್ ಅದಕ್ಕಿಂತ ದೊಡ್ಡ ಸುಳ್ಳ್. ಅವ್ಳ್ ನನ್ನ ಬಲೆ ಮುಟ್ಲಿಲ್ಲೆ."

"ಮುಟ್ಟಿದ್ದೆ," ಎಂದಳು ಬಾಗಿ.

ಎಲ್ಲರೂ ತಿರುಗಿದರು. ಚಂದಯ್ಯನೂ.

"ಮುಟ್ಟಿದ್ದೆ ಮಾರಾಯ್ತಿ. ನೀ ಪ್ಯಾಟಿಗ್ ಹೋದಾಗೆಲ್ಲ ನಿನ್ನ ಮೀನ್ ಮಗ್ಚೂದ್ ಯಾರ್ ಅಂತ ಮಾಡಿದ್ದೆ? ತನ್ನಷ್ಟಕ್ಕೇ ಮಗ್ಚ್‌ಕಂತ್ತಾ? ಅವತ್ತೂ ಮಗ್ಚೂಕೆ ಹೋದದ್ದ್. ಮಣ್ಣಾದ್ರೂ ಒಣಹಾಕಿದ್ದ್ ಒಣಹಾಕಿದ್ದೇ ಅಲ್ದಾ, ಒಂದ್ ಬದಿ ಹಸಿ ಉಳಿತ್ತ್ ಅಂದೇಳಿ. ಕಂಡ್ರೆ ಮೇಲೆ ಕಂದು, ಅಡಿಯಲ್ಲಿ ಹಸ್ರ್. ನಂಗೇ ಹೆದ್ರಿಕೆ ಆಯ್ತ್. ಆದ್ರೂ ಎಲ್ಲ ಮಗ್ಚಿ ಬಂದೆ. ನಿಂಗ್ ಹೇಳ್ಕ್ ಅಂತ್ಲೇ ಇದ್ದೆ. ನೀ ಬಂದವ್ಳೇ ಕಳ್ಳಿ ಅಂದೆ. ಮತ್ತೆ ಹೇಳಿದ್ರೆ ನಂಬ್ತಿದ್ಯಾ?"

ರತ್ನ ತಲೆ ಅಲ್ಲಾಡಿಸಿದಳು. ನಂಬುತ್ತಿರಲಿಲ್ಲ. ಸುಳ್ಳು ಹೇಳುವ ಜಾಗವಲ್ಲ ಅದು.

ಕಲ್ಲಿನ ಕೆಳಗಿನ ಮಣ್ಣು ಅಷ್ಟರಲ್ಲಿ ಅಂಚಿನಲ್ಲಿ ಬಣ್ಣ ಬಿಡತೊಡಗಿತ್ತು. ಅನೂಪ್ ಕುಕ್ಕರುಗಾಲಲ್ಲಿ ಕೂತು, "ಹೋಯ್, ಹೌದಲ್ಲ ಮಾರಾಯ್ರೆ!" ಎಂದು ಉಳಿದವರನ್ನು ಕರೆದ. ಜನ ಬಗ್ಗಿದರು. ರತ್ನ, ಬಾಗಿ ಇಬ್ಬರೇ ಅದನ್ನು ನೋಡಲಿಲ್ಲ.

"ಬಾಗಕ್ಕಾ, ತಪ್ಪಾಯ್ತ್. ಈಗ್ಲೇ ಮನಿಗ್ ಬಾ. ಒಂದ್ ಲೋಟ ಚಾ ಕುಡೀಲಿಕ್ಕಾದ್ರೂ ಬಾ."

ಬಾಗಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಇವತ್ತ್ ಬತ್ತಿಲ್ಲೆ. ಸಿಟ್ಟ್ ಇನ್ನೂ ಇತ್ತ್. ಇಟ್ಕಂಡ್ ಬಂದ್ರೆ ನಿನ್ನ ಚಾ ಕಹಿ ಆತ್ತ್. ಸೋಮವಾರ ಬತ್ತೆ."

"ಸೋಮವಾರವಾ?"

"ಆದಿತ್ಯವಾರವೇ ಇಳ್ದ್ರೆ ಆದಿತ್ಯವಾರ ಬತ್ತೆ. ಕಾಂಬ. ನೀರಿಗ್ ಮಾತ್ರ ನೀ ದಿನಾ ಬಾ."

ಹೇಳಿ, ಗಂಡನಿಗೂ ಕಾಯದೆ ಮನೆಯ ದಾರಿ ಹಿಡಿದಳು. ರತ್ನ ಅವಳ ಹಿಂದೆ ಹೋಗಲಿಲ್ಲ. ಸೋಮವಾರವೆಂದರೆ ಸೋಮವಾರ, ಅಷ್ಟು ದಿನದ ಸಿಟ್ಟು ಬಾಗಿಗೆ ಸಲ್ಲಬೇಕಾದದ್ದೇ ಎಂದುಕೊಂಡು, ಕಿಟ್ಟನ ಕಡೆ ತಿರುಗಿ, "ನಡಿ ಗಂಡೆ, ಬಾವಿ ಇನ್ನೂ ನಾಲ್ಕಡಿ ತೋಡೂಕಿತ್ತ್," ಎಂದಳು.