ಬುಲೆಲ್ವಾ ಉರಿದದ್ದು ಯಾರ ಮೇಲೆ?

ದಕ್ಷಿಣ ಆಫ್ರಿಕಾದ ಗುಗುಲೇತು ಬಡಾವಣೆಯ ಬುಲೆಲ್ವಾಗೆ ಆ ವಾರವೆಲ್ಲ ಊಟ ಸೇರಲಿಲ್ಲ. ಕೇಪ್‌ಟೌನ್‌ನ ಹೋಟೆಲೊಂದರ ಬೇಕರಿಯಲ್ಲಿ ವರ್ಷಗಟ್ಟಲೆ ಹಿಟ್ಟು ನಾದಿದವಳು ಅವಳು. ಮೇಲ್ವಿಚಾರಕಿಯ ಕೆಲಸ ಸಿಕ್ಕಿದ್ದು ಮಾತ್ರ ಮೊನ್ನೆ ಮೊನ್ನೆ ಬಂದ ಬಿಳಿಯ ಹುಡುಗಿ ಆನೆಲೀಗೆ. ಅವಳಿಗೆ ಕೈಹಿಡಿದು ಕೆಲಸ ಕಲಿಸಿದವಳೂ ಬುಲೆಲ್ವಾಳೇ.

"ಅತಿಥಿಗಳ ಎದುರು ನಿಲ್ಲೋಕೆ ನಿಮ್ಮಂಥ ಕರಿಯರು ಹೊಂದಲ್ಲ" ಎಂದುಬಿಟ್ಟಿದ್ದ ಬಿಳಿಯ ಮ್ಯಾನೇಜರ್.

ಆನೆಲೀ ನಕ್ಕರೆ ಸಾಕು, ಬುಲೆಲ್ವಾಳ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು. ಅವಳ ಹೊಸ ಏಪ್ರನ್ ಕಂಡರಾಗದು, ನಡಿಗೆ ಕಂಡರಾಗದು. ಓವನ್ನಿನ ಎಡಬದಿ ಹೆಚ್ಚು ಕಾಯುತ್ತದೆಂದು ಆನೆಲೀಗೆ ಗೊತ್ತಿರಲಿಲ್ಲ. ಬುಲೆಲ್ವಾ ಬೇಕೆಂದೇ ಹೇಳಲಿಲ್ಲ. ಬ್ರೆಡ್ಡೆಲ್ಲ ಸೀದು ಕರಕಲಾಯಿತು.

ಮ್ಯಾನೇಜರ್ ಆನೆಲೀಗೆ ಒಂದು ಮಾತೂ ಅನ್ನಲಿಲ್ಲ. ಪಕ್ಕದಲ್ಲಿ ಟ್ರೇ ತೊಳೆಯುತ್ತಿದ್ದ ಮುದುಕ ವುಯಾನಿಯನ್ನು, "ಕರಿಯರ ಬುದ್ಧಿಯೇ ಇಷ್ಟು" ಎಂದು ಎಲ್ಲರೆದುರು ಬೈದು ಕೆಲಸದಿಂದ ತೆಗೆದುಹಾಕಿದ.

ಸಂಜೆ ಬುಲೆಲ್ವಾ ನೆರೆಮನೆಯ ಥೋಬೆಕಾಳ ಮುಂದೆ ಅತ್ತಳು. ಥೋಬೆಕಾ ಕಾರ್ಮಿಕ ಸಂಘದವಳು.

"ನಾನೇ ಕಣೆ ಆ ಮುದುಕನ ಅನ್ನಕ್ಕೆ ಕಲ್ಲು ಹಾಕಿದ್ದು."

ಬುಲೆಲ್ವಾಳ ಗಂಡ ಖಾಯಾ ಗೊಣಗಿದ. "ದೂರು ಗೀರು ಅಂತ ಹೋಗ್ಬೇಡ. ಹೊಟ್ಟೆಕಿಚ್ಚು ಅಂತಾರೆ. ಇರೋ ಕೆಲಸಾನೂ ಹೋಗತ್ತೆ."

"ಹೊಟ್ಟೆಕಿಚ್ಚು ಇದ್ದೇ ಇದೆ" ಎಂದಳು ಥೋಬೆಕಾ. "ಆದ್ರೆ ಆ ಹುಡುಗಿ ಮೇಲೆ ಉರಿದು ಏನು ಬಂತು? ಸುಟ್ಟಿದ್ದು ನಮ್ಮೋನನ್ನೇ. ಮೈಬಣ್ಣ ನೋಡಿ ಬಡ್ತಿ ಕೊಡೋದು, ಕೆಲಸದಿಂದ ತೆಗೆಯೋದು ಕಾನೂನಿಗೆ ವಿರುದ್ಧ. ಕಾರ್ಮಿಕರ ರಾಜಿ ಆಯೋಗ ಇದೆ. ದೂರಿಗೆ ದುಡ್ಡು ಕೇಳಲ್ಲ. ದೂರು ಕೊಟ್ರು ಅಂತ ಕೆಲಸದಿಂದ ತೆಗೆಯೋ ಹಾಗೂ ಇಲ್ಲ."

"ಸಾಕ್ಷಿ ಯಾರು ಹೇಳ್ತಾರೆ?"

"ಕೇಳದೇ ಹೇಗೆ ಗೊತ್ತಾಗತ್ತೆ ಖಾಯಾ?"

ಬುಲೆಲ್ವಾ ವುಯಾನಿಯ ಮನೆಗೆ ಹೋದಳು. "ತಾತಾ, ಓವನ್ ವಿಷಯ ನಾನೇ ಮುಚ್ಚಿಟ್ಟೆ."

ಮುದುಕ ಮೊಳೆಗೆ ನೇತುಹಾಕಿದ್ದ ಕೋಟು ತೆಗೆದು ತೊಟ್ಟುಕೊಂಡ. "ನಿನ್ನ ಮೇಲೆ ಸಿಟ್ಟಿದೆ. ಅದು ಆಮೇಲೆ. ಮೊದಲು ನಡಿ, ದೂರು ಕೊಡೋಣ."

ಆಮೇಲೆ ಅವಳು ಆನೆಲೀಗೂ ನಿಜ ಹೇಳಿದಳು. ಆನೆಲೀ ಮುಖ ಸಿಂಡರಿಸಿದಳು. ಆದರೂ ಆಯೋಗದ ಮುಂದೆ ಬಂದು ನಿಂತಳು. "ನನಗೆ ಕೆಲಸ ಕಲಿಸಿದ್ದು ಇವರೇ. ಮ್ಯಾನೇಜರ್ ಆಡಿದ ಮಾತನ್ನ ನಾನೂ ಕೇಳಿದ್ದೀನಿ."

ಅವಳ ಧೈರ್ಯ ಕಂಡು ಬುಲೆಲ್ವಾಗೆ ಆಗಲೂ ತುಸು ಹೊಟ್ಟೆಯುರಿಯಿತು. ತಲೆತಗ್ಗಿಸಿ ಕೂತಳು.

ಆಯೋಗದ ಆದೇಶದಂತೆ ವುಯಾನಿಗೆ ಕೆಲಸ ಮರಳಿ ಸಿಕ್ಕಿತು. ಮ್ಯಾನೇಜರ್ ಎಲ್ಲರೆದುರೇ ಕ್ಷಮೆ ಕೇಳಬೇಕಾಯಿತು. ಮೇಲ್ವಿಚಾರಕಿಯ ಕೆಲಸಕ್ಕೆ ಹೊಸದಾಗಿ ಆಯ್ಕೆ ನಡೆದು ಅದು ಬುಲೆಲ್ವಾಳದಾಯಿತು. ಖಾಯಾ ಈಗ ತನ್ನ ಕಾರ್ಖಾನೆಯವರಿಗೂ ಥೋಬೆಕಾಳ ಮನೆ ತೋರಿಸುತ್ತಾನೆ.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕೆಲಸದ ಜಾಗದಲ್ಲಿ ಬಣ್ಣವನ್ನೋ ಜಾತಿಯನ್ನೋ ನೋಡಿ ಯಾರನ್ನಾದರೂ ಹಿಂದೆ ತಳ್ಳಿದರೆ ಪಕ್ಕದವರ ಮೇಲೆ ಹಲ್ಲು ಕಡಿಯಬೇಡಿ. ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ ದೂರು ಕೊಡಿ.