ಎಂದೂ ಎಳೆಯದ ಕಾರು

ಕೊಕ್ಕೆ ಆ ಬೂದು ಬಣ್ಣದ ಪುಟ್ಟ ಕಾರಿನ ಟೈರಿಗೆ ಒದ್ದು, "ಬೇಡ" ಅಂದ. ಬೆಳಗಿನಿಂದ ಅವನ ಬಾಯಿಂದ ಬಂದಿದ್ದು ಅದೊಂದೇ ಮಾತು. ಕೆಟ್ಟು ನಿಂತ ಗಾಡಿಗಳನ್ನು ಗ್ಯಾರೇಜಿಗೆ ಎಳೆದೊಯ್ಯುವ ಲಾರಿ ಓಡಿಸುತ್ತಿದ್ದನಾದ್ದರಿಂದ ಅವನಿಗೆ ಕೊಕ್ಕೆ ಅನ್ನುವ ಅಡ್ಡಹೆಸರು ಬಿದ್ದಿತ್ತು.

"ಇದೂ ಬೇಡ್ವಾ?" ಅಕ್ಕ ಕೇಳಿದಳು.

"ಈ ಕಾರು ಕಂಡ್ರೇನೇ ಮೈ ಉರಿಯುತ್ತೆ ನಂಗೆ. ಇಂಥವನ್ನ ವಾರಕ್ಕೆ ಎರಡಾದ್ರೂ ಎಳೀತೀನಿ. ಸೇತುವೆ ಮೇಲೆ ನಿಂತಿರುತ್ತೆ, ಸಿಗ್ನಲ್ಲಲ್ಲಿ ನಿಂತಿರುತ್ತೆ. ಎಲ್ಲಿ ನಿಲ್ಲಬಾರದೋ ಅಲ್ಲೇ ನಿಂತಿರುತ್ತೆ."

ಹಳೇ ಕಾರು ಮಾರುವ ಅಂಗಡಿಯವನು ಕೀಲಿಗೊಂಚಲು ಕುಲುಕಿದ. "ಅಣ್ಣಾ, ಹುಟ್ಟಿದಾಗ್ಲೂ ನೀವು ಅಳೋ ಬದ್ಲು ಬೇಡ ಅಂದ್ರಾ ಹೇಗೆ?"

"ಹೂಂ, ನಾನೇ ಎತ್ಕೊಂಡಿದ್ದೆ" ಅಂದಳು ಅಕ್ಕ. "ಆಗ್ಲೂ ಹಿಂಗೇ ಒದೀತಿದ್ದ."

ಕೊಕ್ಕೆಗೆ ನಗು ಬರಲಿಲ್ಲ. ನಿಂತಲ್ಲಿ ನಿಲ್ಲಲಾಗದೆ ಕಾರುಗಳ ಸಾಲಿನ ನಡುವೆ ಸುತ್ತತೊಡಗಿದ. ಅಕ್ಕನಿಗೆ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ. ಆ ವಿಭಾಗವನ್ನು ಊರಾಚೆಗೆ ಎತ್ತಿಹಾಕಿದ ಮೇಲೆ ಮೊದಲನೇ ಬಸ್ಸಿಗೆ ಹೊರಟು, ಇನ್ನೊಂದು ಬಸ್ಸು ಬದಲಿಸಿದರೂ ದಿನಾ ತಡ. ಸೋಮವಾರದಿಂದ ಹೊತ್ತಿಗೆ ಸರಿಯಾಗಿ ಬರುತ್ತೀಯೋ ಇಲ್ಲವೋ ಇವತ್ತು ಸಂಜೆಯೊಳಗೆ ಹೇಳು, ಇಲ್ಲದಿದ್ದರೆ ಬೇರೆಯವರನ್ನು ಹಾಕಿಕೊಳ್ಳುತ್ತೇನೆ ಎಂದು ಮೇಲ್ವಿಚಾರಕಿ ಕಡ್ಡಿ ಮುರಿದಂತೆ ಹೇಳಿದ್ದಳು. ಹೇಳುವವರಿಗೇನು! ಯಂತ್ರಗಳನ್ನು ಊರಾಚೆ ಸಾಗಿಸುವಾಗ ಒಗೆಯುವ ಕೈಗಳು ತಾವಾಗಿಯೇ ಹಾರಿ ಬರುತ್ತವೆ ಅಂದುಕೊಂಡಿದ್ದರೇನೋ. ಅಕ್ಕ ಕಾರು ಓಡಿಸಲು ಕಲಿತಾಗಿತ್ತು, ದುಡ್ಡೂ ಜೋಡಿಸಿಯಾಗಿತ್ತು. ಯಾವ ಕಾರು ಅನ್ನುವುದನ್ನು ಮಾತ್ರ ತಮ್ಮನ ತಲೆಗೆ ಕಟ್ಟಿದ್ದಳು. ತಮ್ಮನ ಕಣ್ಣಿಗೋ, ಅಲ್ಲಿದ್ದ ಒಂದೊಂದು ಕಾರೂ ಬಾನೆಟ್ ತೆರೆದುಕೊಂಡು ರಸ್ತೆಬದಿಯಲ್ಲಿ ಹೊಗೆ ಉಗುಳುತ್ತ ನಿಂತ ಹಾಗೇ ಕಾಣುತ್ತಿತ್ತು.

ಕೊನೆಗೆ ಗೋಡೆಯ ಮೂಲೆಯಲ್ಲಿ ಧೂಳು ಹೊದ್ದು ನಿಂತಿದ್ದ ಪಾಚಿ ಹಸಿರಿನ ಕಾರೊಂದು ಕಂಡಿತು. ಅವನು ಗಕ್ಕನೆ ನಿಂತ.

"ಅಕ್ಕಾ, ಇದು! ಇಂಥದ್ದನ್ನ ನನ್ನ ಜನ್ಮದಲ್ಲಿ ಎಳೆದಿಲ್ಲ. ಒಂದ್ಸಲಾನೂ!"

ಅಂಗಡಿಯವನ ಮುಖ ಅರಳಿತು. "ಅಣ್ಣನ ಕಣ್ಣೇ ಕಣ್ಣು!" ಎನ್ನುತ್ತ ತೋಳಿನಿಂದಲೇ ಗಾಜು ಒರೆಸಿದ.

ಅಕ್ಕ ಆ ಕಾರಿಗೊಂದು ಸುತ್ತು ಹಾಕಿದಳು. "ಓಡಾಡೋದು ನೋಡಿದ್ದೀಯಾ?"

"ಏನು?"

"ಇಂಥದ್ದು ರಸ್ತೆ ಮೇಲೆ ಓಡಾಡೋದು. ನೋಡಿದ್ದೀಯಾ?"

ಕೊಕ್ಕೆ ಅಂಗಡಿಯವನತ್ತ ತಿರುಗಿದ. ಅಂಗಡಿಯವನು ಇದ್ದಕ್ಕಿದ್ದಂತೆ ಆಕಾಶ ನೋಡತೊಡಗಿದ.

"ಇಂಥದ್ದನ್ನ ತಗೊಂಡೋರೇ ಅಪರೂಪ, ಇನ್ನು ಕೆಟ್ಟು ನಿಲ್ಲೋದೆಲ್ಲಿಂದ ಬಂತು?" ಅಂದಳು ಅಕ್ಕ. " ಲೋ, ನನ್ನ ಮುಂದೆ ಬಂದು ಬೀಳೋದು ಬರೀ ಕೊಳೆ ಹೊದಿಕೆ. ಹಾಗಂತ ಊರಲ್ಲಿ ಶುಭ್ರವಾಗಿರೋ ಹಾಸಿಗೇನೇ ಇಲ್ಲ ಅಂದ್ಕೊಳ್ಲಾ?"

ಕೊಕ್ಕೆ ಸಿಟ್ಟಿನಿಂದ ದಡದಡನೆ ಗೇಟಿನ ಬಳಿಗೆ ಹೋಗಿ ರಸ್ತೆ ನೋಡುತ್ತ ನಿಂತ. ಎಲ್ಲೆಲ್ಲೂ ಆ ಬೂದು ಕಾರಿನಂಥವೇ ಪುಟ್ಟ ಕಾರುಗಳು. ಒಂದರ ತಲೆಯ ಮೇಲೆ ಏಣಿ ಕಟ್ಟಿತ್ತು. ಇನ್ನೊಂದರ ಹಿಂದಿನ ಸೀಟಿನಲ್ಲಿ ಅಜ್ಜಿಯೊಬ್ಬಳು ಬಾಯಿ ಬಿಟ್ಟುಕೊಂಡು ನಿದ್ದೆ ಹೊಡೆಯುತ್ತಿದ್ದಳು. ಮತ್ತೊಂದರ ಬಾಗಿಲು ನಜ್ಜುಗುಜ್ಜಾಗಿತ್ತು, ಆದರೂ ಓಡುತ್ತಿತ್ತು. ನಿಲ್ಲು, ಒಂದಾದರೂ ನಿಲ್ಲು ಎಂದು ಅವನು ಹಲ್ಲು ಕಚ್ಚಿದ. ಒಂದೂ ನಿಲ್ಲಲಿಲ್ಲ.

ಅಕ್ಕ ಪಕ್ಕಕ್ಕೆ ಬಂದು ನಿಂತಾಗ ಅವನು ಅವಳತ್ತ ತಿರುಗದೆ ಹೇಳಿದ: "ಕೆಟ್ಟು ನಿಂತೋರ ಮುಖ ನೀನು ನೋಡಿಲ್ಲ ಅಕ್ಕ. ಬರೋ ಪ್ರತಿ ಲೈಟಿಗೂ ಬೆಚ್ಚಿ ಬೀಳ್ತಾರೆ. ಬೆಳಕು ಹರಿಯೋ ಮುಂಚೆ ನೀನು ಹಾಗೆ ಒಬ್ಳೇ..."

"ಈಗೇನು ನಾನು ಆ ಹೊತ್ತಲ್ಲಿ ಮನೇಲಿ ಮಲಗಿರ್ತೀನಾ? ಬಸ್ ಸ್ಟಾಪಲ್ಲಿ ಒಬ್ಳೇ ನಿಂತಿರ್ತೀನಿ. ದಿನಾ. ಅದು ನಿಂಗೆ ಕಂಡೇ ಇಲ್ಲ. ಯಾಕಂದ್ರೆ ಬಸ್ ಸ್ಟಾಪಿಂದ ಯಾರೂ ನಿನ್ನ ಲಾರಿಗೆ ಫೋನ್ ಮಾಡಲ್ಲ."

ಕೊಕ್ಕೆ ಸೀದಾ ಹೋಗಿ ಬೂದು ಕಾರಿನ ಬಾನೆಟ್ ಎತ್ತಿ, ತೋಳು ಮಡಚಿ, ತಲೆ ಒಳಗೆ ತೂರಿಸಿದ.

"ಬ್ಯಾಟರಿ ಸತ್ತಿದೆ, ಹೊಸದು ಹಾಕು" ಎಂದು ಅಂಗಡಿಯವನಿಗೆ ಕೂಗಿ ಹೇಳಿದ. "ಈ ಬೆಲ್ಟು ಇನ್ನೊಂದು ತಿಂಗಳು ಬಂದ್ರೆ ಹೆಚ್ಚು. ನೀರಿನ ಪೈಪು ಬಿರುಕು ಬಿಟ್ಟಿದೆ. ಇಂಥವಕ್ಕೇ ಇದು ದಾರಿ ಮಧ್ಯ ನಿಲ್ಲೋದು. ಎಲ್ಲಾ ಬದಲಾಯಿಸು. ಈಗಲೇ, ನನ್ನ ಕಣ್ಣೆದುರಿಗೇ."

"ಅಣ್ಣಾ, ನಂಗೇನು ಉಳಿಯುತ್ತೆ?"

"ಆ ಹಸಿರುದು ಉಳಿಯುತ್ತೆ."

ಅಕ್ಕ ಆಗಲೇ ಫೋನು ಕಿವಿಗಿಟ್ಟುಕೊಂಡಿದ್ದಳು. "ಹೌದು ಮೇಡಂ, ಸೋಮವಾರದಿಂದ್ಲೇ. ಇಲ್ಲ, ಬಸ್ಸಲ್ಲಲ್ಲ." ಹೇಳುತ್ತ ಹೇಳುತ್ತ ಅವಳ ದನಿ ಏರಿತು.

ಹೊಸ ಬೆಲ್ಟು ಬಿಗಿದಾದ ಮೇಲೆ ಕೊಕ್ಕೆ ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ. ಸಮಾಧಾನವಾಗಲಿಲ್ಲ. ಮತ್ತೆ ಒತ್ತಿ ನೋಡಿದ.